ಮೈನಸ್ ಚಳಿಯಲ್ಲಿ ಫುಟ್‌ಬಾಲ್ ಮ್ಯಾಚ್ ಇದ್ದರೆ ಟೀಮ್ ಏನೇನು ತಯಾರಿ ಮಾಡಿಕೊಳ್ಳಬೇಕು

ಮೈನಸ್ 16 ಡಿಗ್ರಿಯಲ್ಲಿ ಫುಟ್‌ಬಾಲ್ ಆಡಿದರೆ ಮೊದಲು ಮರಗಟ್ಟುವುದು ಯಾರು ಗೊತ್ತಾ? ಗೋಲ್‌ಕೀಪರ್. ಆಮೇಲೆ ಬೆಂಚ್ ಮೇಲೆ ಕೂತವರು. ಮಿಡ್‌ಫೀಲ್ಡ್‌ನಲ್ಲಿ ಓಡ್ತಾ ಇರುವವನಿಗೆ ಹತ್ತು ನಿಮಿಷ ಕಳೆದರೆ ಮೈಯೆಲ್ಲಾ ಬಿಸಿಯಾಗಿ, ಒಳಗೆ ಹಾಕಿದ ಥರ್ಮಲ್ ಕಿತ್ತೆಸೆಯೋಣ ಅನ್ನಿಸುತ್ತದೆ. ಹಾಗಾಗಿ ಬಟ್ಟೆ ಅಂಗಡಿಗೆ ಓಡುವ ಮೊದಲು ಒಂದು ಕಾಗದ ತಗೊಂಡು, ನಮ್ಮ ಟೀಮಿನಲ್ಲಿ ಯಾರು ಯಾವಾಗ ಎಷ್ಟು ಹೊತ್ತು ಸುಮ್ನೆ ನಿಂತಿರ್ತಾರೆ ಅಂತ ಬರೆದುಕೊಳ್ಳಿ. ಕೀಪರ್, ಸಬ್‌ಸ್ಟಿಟ್ಯೂಟ್‌ಗಳು, ಕೋಚ್, ಫಿಸಿಯೋ, ಹಾಫ್‌ಟೈಮ್‌ನಲ್ಲಿ ಇಡೀ ಟೀಮ್. ಅರ್ಧ ತಯಾರಿ ಇವರಿಗಾಗಿಯೇ.

ಇದಕ್ಕೆ ಒಳ್ಳೆಯ ಉದಾಹರಣೆ 2022ರ ಫೆಬ್ರವರಿ 2ರ ವಿಶ್ವಕಪ್ ಅರ್ಹತಾ ಪಂದ್ಯ. ಅಮೆರಿಕ ಬೇಕು ಅಂತಲೇ ಹೊಂಡುರಾಸ್ ತಂಡವನ್ನು ಮಿನೆಸೋಟಾದ ಸೇಂಟ್ ಪಾಲ್‌ಗೆ ಕರೆಸಿತು. ಆಟ ಶುರುವಾದಾಗ ಸುಮಾರು ಮೈನಸ್ 16, ಗಾಳಿ ಬೇರೆ. ಅಮೆರಿಕದವರೇ ಎದುರಾಳಿಗಳಿಗೂ ರೆಫರಿಗಳಿಗೂ ಚಳಿಯ ಬಟ್ಟೆಬರೆ ಕೊಟ್ಟಿದ್ದರು. ಆದರೂ ಹಾಫ್‌ಟೈಮ್ ಹೊತ್ತಿಗೆ ಹೊಂಡುರಾಸ್ ಗೋಲ್‌ಕೀಪರ್ ಲೂಯಿಸ್ ಲೋಪೆಸ್ ಸೇರಿ ಕೆಲವರನ್ನು ಬದಲಿಸಬೇಕಾಯಿತು, ಕಾರಣ ಚಳಿ. ಅಮೆರಿಕ 3-0 ಗೆದ್ದಿತು, ಮೂರೂ ಗೋಲು ಫ್ರೀಕಿಕ್, ಕಾರ್ನರ್‌ನಿಂದ ಬಂದವು. ಇಂಥ ಸೆಟ್‌ಪೀಸ್ ಅಂದರೆ ಎಲ್ಲರೂ ಒಂದು ನಿಮಿಷ ನಿಂತು, ಮೈ ತಣ್ಣಗಾದ ಮೇಲೆ ಜಿಗಿಯಬೇಕಾದ ಹೊತ್ತು, ಅಲ್ವಾ? ಚಳಿ ಒಂದೇ ಕಾರಣ ಅಂತ ನಾನು ಹೇಳಲ್ಲ, ಅಮೆರಿಕ ಬಲವಾದ ಟೀಮ್. ಆದರೆ ಚಳಿ ಊರಿಗೆ ಹೋಗುವವರು ಕಾರ್ನರ್ ಡಿಫೆನ್ಸ್ ಅಭ್ಯಾಸವನ್ನು ಎರಡು ಪಟ್ಟು ಮಾಡಿಕೊಂಡು ಹೋಗಲಿ ಅಂತ ಖಂಡಿತ ಹೇಳ್ತೀನಿ.

ಇದು ನಮಗ್ಯಾಕೆ ಅಂತ ಕೇಳಬಹುದು. ಭಾರತದ ಎರಡನೇ ದರ್ಜೆಯ ಐ-ಲೀಗ್ ಆಡುತ್ತಿದ್ದ ಟೀಮ್‌ಗಳು ಶ್ರೀನಗರಕ್ಕೆ ಹೋಗಬೇಕಾಗುತ್ತಿತ್ತು. 2024-25ರಲ್ಲಿ ಎಸ್‌ಸಿ ಬೆಂಗಳೂರು ಇದ್ದ ಲೀಗ್‌ನಲ್ಲೇ ಶ್ರೀನಗರದ ರಿಯಲ್ ಕಾಶ್ಮೀರ್ ಕ್ಲಬ್ ಕೂಡ ಇತ್ತು. ಡಿಸೆಂಬರ್ 21ರಿಂದ ಶುರುವಾಗುವ ಚಿಲ್ಲೈ ಕಲಾನ್, ಅಂದರೆ ಕಾಶ್ಮೀರದ ಕಡು ಚಳಿಯ ನಲವತ್ತು ದಿನ ಅಲ್ಲಿ ರಾತ್ರಿ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಜೊತೆಗೆ ಊರು ಸಮುದ್ರ ಮಟ್ಟದಿಂದ ಸುಮಾರು 1,585 ಮೀಟರ್ ಎತ್ತರದಲ್ಲಿದೆ. ಇನ್ನು ಚಿಕಾಗೋ, ಟೊರಾಂಟೋ ಕಡೆ ಭಾನುವಾರದ ಲೀಗ್ ಆಡುವ ನಮ್ಮವರಿಗೆ ಇದು ಪ್ರತಿ ನವೆಂಬರ್ ಗೋಳು.

ಊರಲ್ಲಿದ್ದಾಗಲೇ ಮಾಡುವುದು

ಸೆಕೆಗೆ ಮೈ ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಚಳಿಗೆ ಹಾಗೆ ಸುಲಭವಾಗಿ ಹೊಂದಿಕೊಳ್ಳಲ್ಲ. ಅಭ್ಯಾಸವಾದರೆ ನಡುಕ ಸ್ವಲ್ಪ ಕಡಿಮೆಯಾಗುತ್ತದೆ, ಗಾಬರಿ ಹೋಗುತ್ತದೆ, ಅಷ್ಟೇ. ಅದಕ್ಕೆ "ಎರಡು ದಿನ ಮುಂಚೆ ಹೋದರೆ ಸರಿಹೋಗುತ್ತೆ" ಅನ್ನುವ ಮಾತು ನಂಬಬೇಡಿ. ಬೇಗ ಹೋಗುವುದು ಒಳ್ಳೆಯದೇ, ಆದರೆ ಮೈ ಪಳಗಲಿ ಅಂತ ಅಲ್ಲ, ಹಾಕುವ ಬಟ್ಟೆ ಪಳಗಲಿ ಅಂತ. ಥರ್ಮಲ್, ಟೈಟ್ಸ್, ಗ್ಲೌಸ್ ಎಲ್ಲಾ ಹಾಕಿಕೊಂಡು ಪೂರ್ತಿ ಪ್ರಾಕ್ಟೀಸ್ ಮಾಡಿ. ಗ್ಲೌಸ್ ಹಾಕಿಕೊಂಡು ಥ್ರೋ-ಇನ್ ಎಸೆದೇ ಇರದ ಡಿಫೆಂಡರ್ ಮ್ಯಾಚ್ ದಿನ ಮೊದಲ ಸಲ ಎಸೆದರೆ ಚೆಂಡು ಎಲ್ಲಿಗೋ ಹೋಗುತ್ತದೆ. ಬೆಂಗಳೂರಿನ ಬೆಳಗಿನ ಆರು ಗಂಟೆಗೆ ಬೆವರು ಕಿತ್ತುಕೊಂಡು ಬರುತ್ತದೆ, ನಿಜ. ಪರವಾಗಿಲ್ಲ, ಎಲ್ಲಿ ಉಜ್ಜುತ್ತದೆ, ಎಲ್ಲಿ ಬಿಗಿಯಾಗುತ್ತದೆ ಅಂತ ಗೊತ್ತಾಗಬೇಕು.

ಬಟ್ಟೆ ವಿಷಯದಲ್ಲಿ ಒಂದೇ ಕಟ್ಟುನಿಟ್ಟು: ಮೈಗೆ ತಾಗುವ ಪದರ ಹತ್ತಿ ಬೇಡ. ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗೇ ಇರುತ್ತದೆ, ನಿಂತ ತಕ್ಷಣ ಆ ಒದ್ದೆಯೇ ಮೈಯ ಬಿಸಿ ಎಳೆದುಬಿಡುತ್ತದೆ. ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯ ತೆಳು ಥರ್ಮಲ್ ಸಾಕು, ಓಡುವವರಿಗೆ ಅದೊಂದೇ ಪದರ ಜೆರ್ಸಿ ಕೆಳಗೆ. ಎರಡೆರಡು ಸಾಕ್ಸ್ ಹಾಕಿ ಬೂಟ್‌ಗೆ ಕಾಲು ತುರುಕುವುದು ದೊಡ್ಡ ತಪ್ಪು, ಬಿಗಿಯಾದರೆ ರಕ್ತ ಓಡಲ್ಲ, ಬೆರಳು ಇನ್ನೂ ಬೇಗ ಮರಗಟ್ಟುತ್ತವೆ. ಕೈಗೆ ಒಂದು ಹಳೇ ಉಪಾಯ ಇದೆ: ಡಾಕ್ಟರ್‌ಗಳು ಹಾಕುವ ತೆಳು ರಬ್ಬರ್ ಗ್ಲೌಸ್ ಒಳಗೆ, ಮೇಲೆ ಮಾಮೂಲಿ ಗ್ಲೌಸ್. ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅವರದೇ ಆಟ) ಆಟಗಾರರು ಇದನ್ನು ಬಹಳ ಮಾಡುತ್ತಾರೆ. ಗಾಳಿ ತಡೆಯುತ್ತದೆ, ಕಾಸೂ ಉಳಿಯುತ್ತದೆ.

ನಿಯಮ ನೆನಪಿಟ್ಟುಕೊಳ್ಳಿ. ಒಳಗಿನ ಅಂಗಿಯ ತೋಳು ಜೆರ್ಸಿ ತೋಳಿನ ಮುಖ್ಯ ಬಣ್ಣದ್ದೇ ಇರಬೇಕು, ಟೈಟ್ಸ್ ಶಾರ್ಟ್ಸ್ ಬಣ್ಣದ್ದಿರಬೇಕು, ಇಡೀ ಟೀಮಿಗೆ ಒಂದೇ ಬಣ್ಣ. ಕುತ್ತಿಗೆಗೆ ಸುತ್ತುವ ಸ್ನೂಡ್ 2011ರಿಂದ ನಿಷಿದ್ಧ. ಮ್ಯಾಚ್ ದಿನ ರೆಫರಿ ಹೇಳಿ ಬಿಚ್ಚಿಸಿದರೆ ಬದಲಿ ಬಟ್ಟೆ ಎಲ್ಲಿಂದ ತರ್ತೀರಿ?

ಚೆಂಡಿನ ಗಾಳಿ

ಇದನ್ನು ಯಾರೂ ಹೇಳಿಕೊಡಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ. ನಿಯಮದ ಪ್ರಕಾರ ಚೆಂಡಿನ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್ ನಡುವೆ ಇರಬೇಕು. ನೀವು 22 ಡಿಗ್ರಿಯ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು 0.7ಕ್ಕೆ ಗಾಳಿ ಹೊಡೆದಿರಿ ಅಂದುಕೊಳ್ಳಿ. ಆ ಚೆಂಡು ಮೈನಸ್ 16ರ ಮೈದಾನದಲ್ಲಿ ಪೂರ್ತಿ ತಣ್ಣಗಾದರೆ ಒತ್ತಡ 0.5ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಕದ್ದು ಗಾಳಿ ಬಿಟ್ಟವರು ಯಾರೂ ಇಲ್ಲ, ಒಳಗಿನ ಗಾಳಿ ಕುಗ್ಗಿದೆ, ಅಷ್ಟೇ. 0.9ಕ್ಕೆ ಹೊಡೆದಿದ್ದರೆ ಸುಮಾರು 0.65ಕ್ಕೆ ನಿಲ್ಲುತ್ತಿತ್ತು. ಹಾಗಾಗಿ ಚೆಂಡಿನ ಚೀಲವನ್ನು ಒಂದು ಗಂಟೆ ಮೊದಲೇ ಹೊರಗೆ ಇಟ್ಟುಬಿಡಿ, ತಣ್ಣಗಾದ ಮೇಲೆ ಗೇಜ್ ಹಿಡಿದು ಅಲ್ಲೇ ಪಂಪ್ ಮಾಡಿ. ಹೊರಗಿನ ಪದರ ಚಳಿಗೆ ಬಿರುಸಾಗುವುದರಿಂದ ಹೆಡ್ ಮಾಡಿದಾಗ ಹಣೆಗೆ ಚುರುಕ್ ಅನ್ನುತ್ತದೆ, ಪುಟಿಯುವುದೂ ಕಡಿಮೆ. ವಾರ್ಮ್ ಅಪ್‌ನಲ್ಲಿ ಇದೇ ತಣ್ಣನೆ ಚೆಂಡು ಬಳಸಿ. ರೂಮಿನಿಂದ ತಂದ ಬೆಚ್ಚನೆ ಚೆಂಡಿನಲ್ಲಿ ಶಾಟ್ ಅಭ್ಯಾಸ ಮಾಡಿದರೆ ಕಾಲಿಗೆ ಸುಳ್ಳು ಲೆಕ್ಕ ಸಿಗುತ್ತದೆ. ಹಿಮ ಬೀಳುವ ಸೂಚನೆ ಇದ್ದರೆ ಕಿತ್ತಳೆ ಅಥವಾ ಹಳದಿ ಚೆಂಡು ಇದೆಯಾ ಅಂತ ಮೊದಲೇ ಕೇಳಿ.

ನೆಲ

ಹೆಪ್ಪುಗಟ್ಟಿದ ನೆಲಕ್ಕೆ ಉದ್ದನೆ ಲೋಹದ ಸ್ಟಡ್ ಕಚ್ಚುವುದಿಲ್ಲ, ಜಾರುತ್ತದೆ. ಚಿಕ್ಕ ಚಿಕ್ಕ ರಬ್ಬರ್ ಸ್ಟಡ್ ಜಾಸ್ತಿ ಇರುವ ಟರ್ಫ್ ಬೂಟ್ ವಾಸಿ. ಎರಡೂ ಜೋಡಿ ಒಯ್ಯಿರಿ, ನೆರಳಿರುವ ಮೂಲೆಯಲ್ಲಿ ನಡೆದು ನೋಡಿ ಆಮೇಲೆ ನಿರ್ಧರಿಸಿ. ಮೈದಾನದ ಅರ್ಧ ಬಿಸಿಲಲ್ಲಿ ಮೆತ್ತಗೆ, ಸ್ಟ್ಯಾಂಡಿನ ನೆರಳಲ್ಲಿ ಕಲ್ಲು, ಹೀಗೂ ಇರುತ್ತದೆ.

"ನೆಲದ ಕೆಳಗೆ ಹೀಟಿಂಗ್ ಇದೆ, ಚಿಂತೆ ಬೇಡ" ಅಂತ ಆತಿಥೇಯರು ಹೇಳಿದರೂ ಹೋಗಿ ನೋಡಿ. 1958ರಲ್ಲಿ ಇಂಗ್ಲೆಂಡಿನ ಎವರ್ಟನ್ ಕ್ಲಬ್ ಗುಡಿಸನ್ ಪಾರ್ಕ್‌ನಲ್ಲಿ ನೆಲದಡಿ ವೈರ್ ಹಾಕಿಸಿದಾಗ ಹಿಮವೇನೋ ಕರಗಿತು, ಕರಗಿದ ನೀರು ಹೋಗಲು ಚರಂಡಿ ಸಾಲಲಿಲ್ಲ. 1967ರ ಡಿಸೆಂಬರ್ 31ರಂದು ಅಮೆರಿಕದ ಗ್ರೀನ್ ಬೇಯಲ್ಲಿ ಪ್ಯಾಕರ್ಸ್ ಮತ್ತು ಡಲ್ಲಾಸ್ ಕೌಬಾಯ್ಸ್ ನಡುವೆ 'ಐಸ್ ಬೌಲ್' ಅಂತ ಹೆಸರಾದ ಪಂದ್ಯ ನಡೆಯಿತು. ಅದು ಅವರ ಫುಟ್‌ಬಾಲ್, ನಮ್ಮದಲ್ಲ, ಆದರೆ ಚಳಿ ಎರಡಕ್ಕೂ ಒಂದೇ. ಮೈನಸ್ 25 ಡಿಗ್ರಿ. ಅಲ್ಲೂ ನೆಲದಡಿ ಹೀಟಿಂಗ್ ಇತ್ತು, ಆದರೂ ಟಾರ್ಪಾಲು ತೆಗೆದರೆ ಹುಲ್ಲಿನ ಮೇಲೆ ಪಸೆ ಇತ್ತು, ಅದು ಹಾಗೇ ಹೆಪ್ಪುಗಟ್ಟಿ ಮೈದಾನ ಗಾಜಾಯಿತು. ರೆಫರಿ ನಾರ್ಮ್ ಶಾಕ್ಟರ್ ಲೋಹದ ಸೀಟಿ ಊದಿದಾಗ ಅದು ತುಟಿಗೆ ಅಂಟಿಕೊಂಡು, ಕೀಳುವಾಗ ಚರ್ಮವೂ ಬಂತು. ಆಮೇಲೆ ಇಡೀ ಆಟವನ್ನು ಕೂಗಿ ಕೂಗಿಯೇ ನಡೆಸಿದರು. ಪ್ಲಾಸ್ಟಿಕ್ ಸೀಟಿ ಒಯ್ಯಿರಿ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ? ಉಂಗುರ, ಕಡಗ ಇದ್ದರೆ ಅವನ್ನೂ ರೂಮಿನಲ್ಲೇ ಬಿಡಿ.

ಮ್ಯಾಚ್ ದಿನ

ಥರ್ಮಾಮೀಟರ್ ಮಾತ್ರ ನೋಡಬೇಡಿ, ಗಾಳಿ ನೋಡಿ. ಮೈನಸ್ 10ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರೀ ಚರ್ಮಕ್ಕೆ ಅದು ಸುಮಾರು ಮೈನಸ್ 20 ಇದ್ದಂತೆ.

ಊಟ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಇರಲಿ, ಅನ್ನ, ಬ್ರೆಡ್, ಓಟ್ಸ್ ಯಾವುದಾದರೂ ಸರಿ. ನೀರಿನ ವಿಷಯದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಚಳಿಗೆ ಬಾಯಾರಿಕೆ ಗೊತ್ತಾಗಲ್ಲ, ಆದರೆ ಒಣ ಗಾಳಿಯಲ್ಲಿ ಉಸಿರಿನ ಜೊತೆ ನೀರು ಹೋಗ್ತಾನೇ ಇರುತ್ತದೆ, ಮೂತ್ರವೂ ಜಾಸ್ತಿ. ತಣ್ಣೀರು ಯಾರೂ ಮುಟ್ಟಲ್ಲ, ಬಿಸಿಯದನ್ನೇ ಕೊಡಿ. ಅಮೆರಿಕದ ಟೀಮ್‌ಗಳು ಬೆಂಚ್ ಪಕ್ಕ ಚಿಕನ್ ಸೂಪ್ ಇಟ್ಟುಕೊಳ್ಳುತ್ತವೆ. ನಮ್ಮವರು ಫ್ಲಾಸ್ಕ್ ತುಂಬ ಮೆಣಸಿನ ಸಾರು ಒಯ್ದರೆ ಅದಕ್ಕಿಂತ ಒಂದು ಕೈ ಮೇಲೆ ಅಂತ ನನ್ನ ಅಭಿಪ್ರಾಯ, ಉಪ್ಪೂ ಸಿಗುತ್ತದೆ. "ಒಂದು ಗುಟುಕು ರಮ್ ಹಾಕಿದರೆ ಬೆಚ್ಚಗಾಗುತ್ತೆ" ಅನ್ನುವ ಹಿತೈಷಿ ಪ್ರತಿ ಟೀಮಿನಲ್ಲೂ ಒಬ್ಬ ಇರುತ್ತಾನೆ. ಅವನ ಮಾತು ಕೇಳಬೇಡಿ, ಹೆಂಡ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ.

ವಾರ್ಮ್ ಅಪ್ ಒಳಗಿನಿಂದ ಶುರುವಾಗಲಿ. ಕಾರಿಡಾರ್‌ನಲ್ಲಿ ಅಥವಾ ರೂಮಿನಲ್ಲಿ ಹತ್ತು ಹದಿನೈದು ನಿಮಿಷ, ಆಮೇಲೆ ಹೊರಗೆ. ನಿಂತು ಮಾಡುವ ಸ್ಟ್ರೆಚಿಂಗ್ ಬಿಟ್ಟುಬಿಡಿ, ಎಲ್ಲವೂ ಚಲಿಸುತ್ತಲೇ ಇರಲಿ. ಬೆವರು ಬರುವ ಹಂತಕ್ಕೆ ಹೋಗಬೇಡಿ, ಬಂದರೆ ಒಳಗಿನ ಅಂಗಿ ಬದಲಿಸಿ. ಆಸ್ತಮಾ ಇರುವವರು ಇನ್‌ಹೇಲರ್ ಜೊತೆಗಿಟ್ಟುಕೊಳ್ಳಲಿ, ತಣ್ಣನೆ ಒಣ ಗಾಳಿಗೆ ಅವರಿಗೆ ಬೇಗ ಉಸಿರು ಕಟ್ಟುತ್ತದೆ.

ಮುಖಕ್ಕೆ ವ್ಯಾಸಲೀನ್ ಬಳಿದುಕೊಂಡರೆ ಬೆಚ್ಚಗಿರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ತುಟಿ ಒಡೆಯದಂತೆ ಹಚ್ಚಿ, ಬೇಡ ಅನ್ನಲ್ಲ. ಆದರೆ ಅದರಿಂದ ಬಿಸಿ ಉಳಿಯಲ್ಲ. ಫಿನ್‌ಲೆಂಡಿನ ಸೈನಿಕರಲ್ಲಿ ನೋಡಿದಾಗ ಇಂಥ ಮುಲಾಮು ಹಚ್ಚಿದವರಲ್ಲೇ ಫ್ರಾಸ್ಟ್‌ಬೈಟ್ (ಚಳಿಗೆ ಚರ್ಮ ಹೆಪ್ಪುಗಟ್ಟುವುದು) ಜಾಸ್ತಿ ಕಂಡಿತ್ತು. ಹಚ್ಚಿದೀನಲ್ಲ ಅನ್ನೋ ಧೈರ್ಯವೇ ಅಪಾಯ.

ಬೆಂಚ್ ಮತ್ತು ಹಾಫ್‌ಟೈಮ್

ಸಬ್‌ಸ್ಟಿಟ್ಯೂಟ್‌ಗಳ ಕಾಲ ಕೆಳಗೆ ಫೋಮ್ ಶೀಟ್ ಅಥವಾ ದಪ್ಪ ರಟ್ಟು ಹಾಕಿ, ನೆಲ ನೇರವಾಗಿ ಕಾಲಿನ ಬಿಸಿ ಹೀರುತ್ತದೆ. ಮೊಣಕಾಲ ಕೆಳಗಿನವರೆಗೆ ಬರುವ ಉದ್ದ ಕೋಟು, ಕುಲಾವಿ, ಕಂಬಳಿ ಇರಲಿ. ಇಬ್ಬಿಬ್ಬರಂತೆ ಸರದಿ ಮೇಲೆ ಎದ್ದು ಓಡಾಡಲಿ. "ಇನ್ನೆರಡು ನಿಮಿಷಕ್ಕೆ ಇಳಿ" ಅಂತ ಕೋಚ್ ಹೇಳಿದರೆ ಸಾಲದು, ಇಲ್ಲಿ ಹತ್ತು ನಿಮಿಷ ಮುಂಚೆಯೇ ಹೇಳಬೇಕು. ಅಮೆರಿಕನ್ ಫುಟ್‌ಬಾಲ್ ಟೀಮ್ ಮಿನೆಸೋಟಾ ವೈಕಿಂಗ್ಸ್‌ನ ಕೋಚ್ ಆಗಿದ್ದ ಬಡ್ ಗ್ರಾಂಟ್ ಬೆಂಚ್ ಹತ್ತಿರ ಹೀಟರ್ ಇಡಲು ಬಿಡುತ್ತಲೇ ಇರಲಿಲ್ಲ, ಹೀಟರ್ ಸುತ್ತ ಗುಂಪುಗೂಡಿದರೆ ಆಟದ ಮೇಲೆ ಗಮನ ಇರಲ್ಲ ಅಂತ ಅವರ ವಾದ. ವಾದದಲ್ಲಿ ಹುರುಳಿದೆ, ಆದರೆ ಅವರ ಹುಡುಗರು ಅಲ್ಲೇ ಪಳಗಿದವರು. ಬಿಸಿಲ ನಾಡಿನಿಂದ ಹೋದವರು ಇದನ್ನು ನಕಲು ಮಾಡುವುದು ಬೇಡ, ಹೀಟರ್ ಸಿಕ್ಕರೆ ಇಟ್ಟುಕೊಳ್ಳಿ.

ಕೀಪರ್‌ಗೆ ಒಣಗಿದ ಎರಡನೇ ಜೋಡಿ ಗ್ಲೌಸ್ ಗೋಲ್ ಹಿಂದೆ ಇರಲಿ. ಚೆಂಡು ಆ ಕಡೆ ಇದ್ದಾಗ ಅವನು ಬಾಕ್ಸ್ ಒಳಗೆ ಓಡಾಡ್ತಾ ಇರಲಿ. ಡಿಫೆಂಡರ್‌ಗಳು ಆಗಾಗ ಸುಮ್ನೆ ಒಂದು ಬ್ಯಾಕ್‌ಪಾಸ್ ಕೊಡಲಿ, ಕಾಲಿಗೆ ಕೆಲಸ ಸಿಗುತ್ತದೆ, ಆದರೆ ನೆಲ ಜಾರುವ ಕಡೆ ಈ ಉಪಕಾರ ಬೇಡ.

ಹಾಫ್‌ಟೈಮ್‌ನಲ್ಲಿ 15 ನಿಮಿಷ ಕೂತೇ ಇದ್ದರೆ ತೊಡೆಯ ಸ್ನಾಯುಗಳ ಉಷ್ಣತೆ ಸುಮಾರು 2 ಡಿಗ್ರಿ ಇಳಿಯುತ್ತದೆ, ಮತ್ತೆ ಮೈದಾನಕ್ಕೆ ಇಳಿದಾಗ ಓಟದ ವೇಗ ಬೀಳುತ್ತದೆ. ಸ್ನಾಯು ಎಳೆಯುವುದೂ ಆಗಲೇ. ಹಾಗಾಗಿ ಒಳಗೆ ಬಂದ ತಕ್ಷಣ ಒದ್ದೆ ಅಂಗಿ, ಒದ್ದೆ ಸಾಕ್ಸ್ ಬದಲಿಸಿ, ಬಿಸಿ ಕುಡಿಯುತ್ತಾ ಕೋಚ್ ಮಾತು ಕೇಳಿ, ಕೊನೆಯ ಐದು ನಿಮಿಷ ಎಲ್ಲರೂ ಎದ್ದು ಜಿಗಿಯಿರಿ. ಭಾಷಣ ಉದ್ದ ಮಾಡುವ ಕೋಚ್‌ಗೆ ಯಾರಾದರೂ ಗಡಿಯಾರ ತೋರಿಸಿ.

ಬೆಚ್ಚನೆ ಊರಿನವರು ಸೋಲಲೇಬೇಕು ಅಂತೇನಿಲ್ಲ. 2025ರ ಫೆಬ್ರವರಿ 19ರಂದು ಇಂಟರ್ ಮಯಾಮಿ ಕಾನ್ಸಾಸ್ ಸಿಟಿಯಲ್ಲಿ ಹೆಚ್ಚುಕಡಿಮೆ ಇದೇ ಮೈನಸ್ 16ರಲ್ಲಿ ಆಡಿ, ಮೆಸ್ಸಿಯ ಒಂದು ಗೋಲಿನಿಂದ 1-0 ಗೆದ್ದಿತು. ಆ ಪಂದ್ಯ ಹಿಮದ ಬಿರುಗಾಳಿಯಿಂದಾಗಿ ಒಂದು ದಿನ ಮುಂದಕ್ಕೆ ಹೋಗಿತ್ತು. ಆಡಬಾರದ ದಿನ ಆಡದೇ ಇರುವುದೂ ತಯಾರಿಯೇ, ಮುಖ್ಯವಾಗಿ ಮಕ್ಕಳ ಟೀಮಿಗೆ.

ಆಟದ ನಡುವೆ ಒಬ್ಬರ ಮುಖ ಇನ್ನೊಬ್ಬರು ನೋಡ್ತಾ ಇರಿ, ಕಿವಿ, ಮೂಗಿನ ತುದಿ, ಕೆನ್ನೆ. ಬಿಳಿ ಚರ್ಮದವರಲ್ಲಿ ಫ್ರಾಸ್ಟ್‌ಬೈಟ್ ಬೆಳ್ಳಗೆ ಕಾಣುತ್ತದೆ. ನಮ್ಮ ಬಣ್ಣದಲ್ಲಿ ಬೂದಿ ಬಡಿದಂತೆ, ಮೇಣ ಸವರಿದಂತೆ ಕಾಣಬಹುದು, ಬೇಗ ಗೊತ್ತಾಗಲ್ಲ. ನೋವು ಹೋಗಿ ಸ್ಪರ್ಶವೇ ಇಲ್ಲ ಅಂದರೆ ತಕ್ಷಣ ಹೊರಗೆ ಕರೆಸಿ. ಮಾತು ತೊದಲಿದರೆ, ಕಾಲು ತಡವರಿಸಿದರೆ ಅದು ಇನ್ನೂ ಗಂಭೀರ, ಡಾಕ್ಟರ್ ಬೇಕು.

ಮುಗಿದ ಮೇಲೆ ಮರಗಟ್ಟಿದ ಕಾಲನ್ನು ಉಜ್ಜಬೇಡಿ, ಹೀಟರ್‌ಗೆ ಹಿಡಿಯಬೇಡಿ, ಸುಟ್ಟರೂ ಗೊತ್ತಾಗಲ್ಲ. 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಲ್ಲಿ ಇಳಿಬಿಡಿ. ನೀರಿನ ಬಿಸಿಯನ್ನು ಬೇರೆಯವರು ಮೊಣಕೈ ಅದ್ದಿ ನೋಡಲಿ, ಮರಗಟ್ಟಿದವನ ಕೈಗೆ ಅಂದಾಜು ಸಿಗಲ್ಲ. ಮತ್ತೆ ಚಳಿಗೆ ಹೋಗಲೇಬೇಕು ಅಂತಿದ್ದರೆ ಆ ಬಿಸಿಯೂ ಬೇಡ, ಕರಗಿದ್ದು ಪುನಃ ಹೆಪ್ಪುಗಟ್ಟಿದರೆ ಹಾನಿ ಜಾಸ್ತಿ. ಬಸ್ಸಿನ ಡ್ರೈವರ್‌ಗೆ ಆಟ ಮುಗಿಯುವ ಕಾಲು ಗಂಟೆ ಮೊದಲೇ ಇಂಜಿನ್, ಹೀಟರ್ ಹಾಕಲು ಹೇಳಿರಿ. ಬೂಟ್ ಒಳಗೆ ಹಳೇ ಪೇಪರ್ ತುರುಕಿಡಿ, ಬೆಳಗ್ಗೆಗೆ ಒಣಗಿರುತ್ತದೆ. ಹೀಟರ್ ಮೇಲೆ ಇಟ್ಟರೆ ಅಂಟು ಬಿಟ್ಟು ಸೋಲ್ ಕೈಗೆ ಬರುತ್ತದೆ.