ಎರಡು ದನಿ, ಒಂದು ಗಿಟಾರ್: ಜೋಡಿಯಾಗಿ ಆಲ್ಬಂ ಮಾಡುವುದು ಹೀಗೆ

ಜೊತೆಗೆ ಹಾಡುವ ಗೆಳೆಯರಿದ್ದಾರೆ, ಗಿಟಾರ್ ಇದೆ, ಸ್ವಂತ ಹಾಡುಗಳೂ ನಾಲ್ಕಾರು ಇವೆ. ಇನ್ನು ಆಲ್ಬಂ ಮಾಡಬೇಕು, ಅಲ್ವಾ? ಹಾಗಾದರೆ ನ್ಯೂಯಾರ್ಕಿನ ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕಲ್ 1970ರ ಜನವರಿಯಲ್ಲಿ ಹೊರತಂದ 'ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್' ಆಲ್ಬಮ್ಮನ್ನು ಮೊದಲು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಫೋಕ್ ರಾಕ್ (ಜಾನಪದ ಧಾಟಿಯ ಹಾಡಿಗೆ ರಾಕ್ ವಾದ್ಯ, ಲಯ ಬೆರೆತ ಸಂಗೀತ) ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮೊದಲ ಕೆಲಸ, ದನಿ ಕೂಡಿಸುವುದು. ಇವರಿಬ್ಬರೂ ಹುಡುಗರಾಗಿದ್ದಾಗ ಎದುರುಬದುರು ಕೂತು, ಒಬ್ಬರ ಬಾಯಿಯನ್ನು ಇನ್ನೊಬ್ಬರು ನೋಡುತ್ತಾ ಅಭ್ಯಾಸ ಮಾಡುತ್ತಿದ್ದರು. ನೀವೂ ಹಾಗೇ ಮಾಡಿ. ಸ್ವರ ಸೇರಿದರೆ ಸಾಲದು, ಪದ ಮುಗಿಯುವ ಕ್ಷಣವೂ ಸೇರಬೇಕು.

ಎರಡನೆಯದು, ಲಯ. ಇವರ 'ದಿ ಸೌಂಡ್ ಆಫ್ ಸೈಲೆನ್ಸ್' 1964ರಲ್ಲಿ ಬರೀ ಗಿಟಾರ್ ಮತ್ತು ದನಿಯಲ್ಲಿ ಬಂದಿತ್ತು. ಮರುವರ್ಷ ನಿರ್ಮಾಪಕ ಟಾಮ್ ವಿಲ್ಸನ್ ಇವರಿಗೆ ಹೇಳದೆಯೇ ಅದಕ್ಕೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಸೇರಿಸಿದರು. ಮೂಲ ಹಾಡಿನ ಲಯ ಒಂದೇ ಸಮ ಇರಲಿಲ್ಲ, ವಾದ್ಯದವರು ಒದ್ದಾಡಬೇಕಾಯಿತು. ಹಾಡು 1966ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು ನಿಜ. ಆದರೂ ಮುಂದೆ ವಾದ್ಯ ಸೇರಿಸುವ ಯೋಚನೆಯಿದ್ದರೆ ನೀವು ಮೆಟ್ರೊನೋಮ್ (ಒಂದೇ ಸಮ ಟಿಕ್ ಟಿಕ್ ಎಂದು ಲಯ ತೋರಿಸುವ ಸಾಧನ) ಕೇಳುತ್ತಲೇ ರೆಕಾರ್ಡ್ ಮಾಡಿ. ಗಿಟಾರ್ ಒಂದು ಟ್ರ್ಯಾಕ್, ದನಿ ಬೇರೆ ಟ್ರ್ಯಾಕ್, ಅಂದರೆ ಎರಡನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ.

ಮೂರನೆಯದು ನನಗೆ ತುಂಬಾ ಇಷ್ಟ: ಸದ್ದು ಹುಡುಕುವುದು. 'ಬ್ರಿಡ್ಜ್' ಆಲ್ಬಮ್ಮಿನ 'ಸಿಸಿಲಿಯಾ' ಹಾಡಿನ ತಾಳ ಹುಟ್ಟಿದ್ದು ಲಾಸ್ ಏಂಜಲೀಸ್‌ನ ಒಂದು ಬಾಡಿಗೆ ಮನೆಯಲ್ಲಿ. ಸುಮ್ನೆ ಕೂತಿದ್ದವರು ಪಿಯಾನೊ ಬೆಂಚು ಬಡಿಯತೊಡಗಿದರು, ಮನೆಯ ಟೇಪ್ ರೆಕಾರ್ಡರ್‌ನಲ್ಲಿ ಅದು ದಾಖಲಾಯಿತು. ಅದರ ಒಂದು ತುಣುಕನ್ನೇ ಮತ್ತೆ ಮತ್ತೆ ಸುತ್ತಿಸಿ ಅದರ ಮೇಲೆ ಹಾಡು ಕಟ್ಟಿದರು. ನಿಮ್ಮ ಮನೆಯ ಮಣೆ, ಕೊಡ, ಮರದ ಬಾಗಿಲು, ಎಲ್ಲವನ್ನೂ ಬಡಿದು ನೋಡಿ. ಫೋನಿನಲ್ಲಿ ಹಿಡಿದಿಟ್ಟುಕೊಂಡರೂ ಸಾಕು.

ಜಾಗವೂ ಒಂದು ವಾದ್ಯ. ಇದೇ ಆಲ್ಬಮ್ಮಿನ 'ದಿ ಬಾಕ್ಸರ್' ಹಾಡು ರೆಕಾರ್ಡ್ ಮಾಡಲು 100 ಗಂಟೆಗೂ ಜಾಸ್ತಿ ಹಿಡಿಯಿತು. ಒಂದಿಷ್ಟು ನ್ಯಾಶ್‌ವಿಲ್‌ನಲ್ಲಿ, ಇನ್ನೊಂದಿಷ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದಲ್ಲಿ. ಅದರಲ್ಲಿ ಗುಡುಗಿನಂತೆ ಬೀಳುವ ಡ್ರಮ್ ಪೆಟ್ಟನ್ನು ಹಾಲ್ ಬ್ಲೇನ್ ನುಡಿಸಿದ್ದು ಲಿಫ್ಟ್ ಬಾಗಿಲ ಮುಂದಿನ ಮೊಗಸಾಲೆಯಲ್ಲಿ! ಮೆಟ್ಟಿಲು, ಖಾಲಿ ಕೋಣೆಗಳಲ್ಲಿ ಚಪ್ಪಾಳೆ ತಟ್ಟಿ ನೋಡಿ. ಸದ್ದು ಚೆನ್ನಾಗಿ ತುಂಬಿಕೊಳ್ಳುವಲ್ಲಿ ಮೈಕನ್ನು ಸ್ವಲ್ಪ ದೂರ ಇಡಿ.

ಬರೆದವರೇ ಹಾಡಬೇಕು ಅಂತೇನಿಲ್ಲ. ಆಲ್ಬಮ್ಮಿನ ಹೆಸರಿನ ಹಾಡನ್ನು ಸೈಮನ್ ಗಿಟಾರ್ ಹಿಡಿದು ಬರೆದರು. ಅದಕ್ಕೆ ಪಿಯಾನೊ ನುಡಿಸಿದ್ದು ಲ್ಯಾರಿ ನೆಕ್ಟಲ್. ಹೆಚ್ಚುಕಡಿಮೆ ಇಡೀ ಹಾಡನ್ನು ಗಾರ್ಫಂಕಲ್ ಒಬ್ಬರೇ ಹಾಡಿದರು, ಸೈಮನ್ ದನಿ ಸೇರುವುದು ಕೊನೆಯ ಚರಣದಲ್ಲಿ. ಇಬ್ಬರೂ ಒಂದೊಂದು ಸಲ ಹಾಡಿ, ಯಾರಿಗೆ ಹೊಂದುತ್ತದೋ ಅವರಿಗೆ ಬಿಡಿ.

ಕೊನೆಗೆ ಆಯ್ಕೆ. ಇವರು 12 ಹಾಡು ಅಂದುಕೊಂಡಿದ್ದರು. ಹನ್ನೆರಡನೆಯದು ಯಾವುದೆಂದು ಒಮ್ಮತ ಬರಲಿಲ್ಲ, 11ಕ್ಕೇ ನಿಲ್ಲಿಸಿದರು. ನಿಮ್ಮಲ್ಲೂ ಹಾಗಾದರೆ ಆ ಹಾಡನ್ನು ಪಕ್ಕಕ್ಕಿಟ್ಟು ಉಳಿದವನ್ನು ಮಿಕ್ಸಿಂಗ್‌ಗೆ (ಟ್ರ್ಯಾಕ್‌ಗಳನ್ನೆಲ್ಲ ಹದವಾಗಿ ಬೆರೆಸುವ ಕೆಲಸಕ್ಕೆ) ಕೊಡಿ.