ಸಿರಿಂಜ್‌ನಲ್ಲೊಂದು ಜೆಸಿಬಿ: ತರಗತಿಯಲ್ಲೇ ಮಾಡಿಸಿ

ಬೀದಿಗೆ ಜೆಸಿಬಿ ಬಂದರೆ ಮಕ್ಕಳು ಊಟ ಬಿಟ್ಟು ಓಡುತ್ತಾರೆ. ಅದೇ ಮಕ್ಕಳು ದ್ರವದ ಒತ್ತಡದ ಪಾಠಕ್ಕೆ ಆಕಳಿಸುತ್ತಾರೆ. ಎರಡೂ ಒಂದೇ ಎಂದು ಬಾಯಲ್ಲಿ ಹೇಳಿದರೆ ನಾಟುವುದಿಲ್ಲ, ಕೈಯಲ್ಲಿ ಮಾಡಿಸಬೇಕು.

ನಾಲ್ವರ ಗುಂಪಿಗೆ 5 ಮತ್ತು 20 ಮಿ.ಲೀ.ನ ಒಂದೊಂದು ಸಿರಿಂಜ್, ಅಕ್ವೇರಿಯಂಗೆ ಬಳಸುವ ಸಣ್ಣ ಪೈಪು ಒಂದು ಮೊಳ, ಶೂ ಡಬ್ಬ, ದಪ್ಪ ರಟ್ಟಿನ ಪಟ್ಟಿ, ಪೊರಕೆ ಕಡ್ಡಿ, ದಾರ, ಬಕೆಟ್ ನೀರು ಸಾಕು. ಸಿರಿಂಜ್ ಹೊಸದೇ ಆಗಿರಬೇಕು. ಸೂಜಿಯನ್ನು ಶಿಕ್ಷಕರೇ ಮೊದಲು ತೆಗೆದಿಡಬೇಕು. ಇದರಲ್ಲಿ ರಾಜಿ ಬೇಡ.

ಮೊದಲ ಸಲ ನೀರು ತುಂಬಿಸಬೇಡಿ. ಚಿಕ್ಕ ಸಿರಿಂಜ್‌ನ ಪಿಸ್ಟನ್ ಹೊರಗೆಳೆದು, ದೊಡ್ಡದರದ್ದನ್ನು ಒಳಕ್ಕೆ ತಳ್ಳಿ, ಎರಡನ್ನೂ ಪೈಪಿನಿಂದ ಜೋಡಿಸಿ ದಾರ ಬಿಗಿಯಿರಿ. ದೊಡ್ಡದರ ಮೇಲೆ ಪುಸ್ತಕಗಳನ್ನಿಟ್ಟು ಚಿಕ್ಕದನ್ನು ಅದುಮಿಸಿ. ಬೆರಳು ಸ್ಪಂಜಿನಲ್ಲಿ ಹೂತಂತೆ ಒಳಗೆ ಹೋಗುತ್ತದೆ, ಪುಸ್ತಕ ಮಾತ್ರ ಸರಿಯಾಗಿ ಏಳುವುದಿಲ್ಲ. ಗಾಳಿ ಕುಗ್ಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ, ನೀವು ಅವಸರಪಟ್ಟು ಹೇಳಬೇಡಿ.

ಈಗ ಎಲ್ಲವನ್ನೂ ಬಕೆಟ್ಟಿನಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿಸಿ ಮತ್ತೆ ಜೋಡಿಸಲಿ. ತರಗತಿಯ ಗಟ್ಟಿಗನ ಕೈಗೆ ದೊಡ್ಡ ಸಿರಿಂಜ್, ಸಣಕಲು ಹುಡುಗಿಯ ಕೈಗೆ ಚಿಕ್ಕದು ಕೊಡಿ. ಇಬ್ಬರೂ ಅದುಮಲಿ. ಅವನ ಹೆಬ್ಬೆರಳ ಉಗುರು ಬೆಳ್ಳಗಾದರೂ ಪಿಸ್ಟನ್ ಮೇಲೇರಿಯೇ ಬರುತ್ತದೆ! ಪಾಸ್ಕಲ್ ಹೆಸರನ್ನು ಹೇಳಬೇಕಾದದ್ದು ಆ ಗಳಿಗೆಯಲ್ಲಿ, ಅದಕ್ಕೂ ಮೊದಲಲ್ಲ. 17ನೇ ಶತಮಾನದ ಆ ಫ್ರೆಂಚ್ ವಿಜ್ಞಾನಿ ಹೇಳಿದ್ದು ಇದನ್ನೇ: ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಪಿಸ್ಟನ್ನುಗಳ ವ್ಯಾಸವನ್ನು ಸ್ಕೇಲಿನಲ್ಲಿ ಅಳೆಸಿ. ವ್ಯಾಸ ಒಂದೂವರೆ ಪಟ್ಟಿದ್ದರೆ ವಿಸ್ತೀರ್ಣ ಎರಡೂಕಾಲು ಪಟ್ಟು, ಘರ್ಷಣೆ ಬಿಟ್ಟರೆ ಬಲವೂ ಅಷ್ಟೇ ಪಟ್ಟು. ಆದರೆ ದೊಡ್ಡ ಪಿಸ್ಟನ್ ಅಷ್ಟೇ ಪಟ್ಟು ಕಡಿಮೆ ದೂರ ಏರುತ್ತದೆ, ಅದನ್ನೂ ಅಳೆಯಲಿ.

ತೋಳು ಕಟ್ಟುವುದು ಸುಲಭ. ಪಟ್ಟಿಯ ಒಂದು ತುದಿಯನ್ನು ಕಡ್ಡಿಯಿಂದ ಡಬ್ಬಕ್ಕೆ ಪೋಣಿಸಿ, ನಡುವಿನ ಕೆಳಗೆ ದೊಡ್ಡ ಸಿರಿಂಜ್ ನಿಲ್ಲಿಸಿ ಕಟ್ಟಿ. ಸಿರಿಂಜನ್ನು ಕಡ್ಡಿಯ ಹತ್ತಿರಕ್ಕೆ ಸರಿಸಿದರೆ ತೋಳಿನ ತುದಿ ಎತ್ತರಕ್ಕೆ ಹೋಗುತ್ತದೆ, ಆದರೆ ಅದು ಎತ್ತಬಲ್ಲ ಭಾರ ಕಡಿಮೆಯಾಗುತ್ತದೆ. ಎಲ್ಲಿಡಬೇಕೆಂದು ಗುಂಪೇ ತೀರ್ಮಾನಿಸಲಿ, ಜಗಳವಾಡಲಿ.

ಮುಂದಿನ ಸಲ ಜೆಸಿಬಿ ಬಂದಾಗ ದೂರದಿಂದಲೇ ಅದರ ತೋಳಿನ ಹೊಳೆಯುವ ಪಿಸ್ಟನ್, ಕಪ್ಪು ಪೈಪು ತೋರಿಸಿ. ಒಳಗಿರುವುದು ನೀರಲ್ಲ, ಎಣ್ಣೆ. ಏಕೆಂದು ಕೇಳಿ, ತುಕ್ಕಿನ ಮಾತು ಯಾರಾದರೂ ಎತ್ತಿಯೇ ಎತ್ತುತ್ತಾರೆ.