‘ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ’: ಓದುಗರ ತಕರಾರುಗಳನ್ನು ಸೋಸುವುದು ಹೇಗೆ

ಅಲನ್ ಡೀನ್ ಫಾಸ್ಟರ್ ಬರೆದ ಈ ಸ್ಟಾರ್ ವಾರ್ಸ್ ಕಾದಂಬರಿಯನ್ನು ಹೊತ್ತು ಮೆರೆಸುವವರೂ ಇದ್ದಾರೆ, ಅರ್ಧಕ್ಕೇ ಮುಚ್ಚಿ ಎತ್ತಿಟ್ಟವರೂ ಇದ್ದಾರೆ. ಎರಡೂ ಗುಂಪಿನ ರೇಟಿಂಗ್ ಕೂಡಿಸಿ ಸರಾಸರಿ ತೆಗೆದರೆ ಏನೂ ಗೊತ್ತಾಗುವುದಿಲ್ಲ. ಒಬ್ಬರು 1977ರ ಒಂದೇ ಒಂದು ಸಿನಿಮಾ ಮನಸ್ಸಿನಲ್ಲಿಟ್ಟುಕೊಂಡು ಓದಿರುತ್ತಾರೆ, ಇನ್ನೊಬ್ಬರು ಆಮೇಲೆ ಬಂದದ್ದನ್ನೆಲ್ಲ ನೋಡಿ ಮುಗಿಸಿ ಇದಕ್ಕೆ ಕೈ ಹಾಕಿರುತ್ತಾರೆ. ಓದಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ, ಓದಿದ ಮೇಲೆ ಅಭಿಪ್ರಾಯ ಬರೆಯುವವರಿಗೆ, ಓದುಗರ ಕೂಟದಲ್ಲಿ ಚರ್ಚೆ ನಡೆಸುವವರಿಗೆ ಈ ಅಭಿಪ್ರಾಯಗಳನ್ನು ಸೋಸುವ ಒಂದು ಕ್ರಮ ಇಲ್ಲಿದೆ. ಕಥೆಯ ಕೊನೆಯವರೆಗಿನ ವಿವರ ಬರುತ್ತದೆ. ಸ್ಪಾಯ್ಲರ್ ಬೇಡದವರು ಕಾದಂಬರಿ ಮುಗಿಸಿಯೇ ಮುಂದೆ ಓದಿ.

ಮೊದಲು ಇಸವಿ

ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ. ಮೊದಲ ಸಿನಿಮಾ ‘ಸ್ಟಾರ್ ವಾರ್ಸ್’ 1977ರ ಮೇ. ಈ ಕಾದಂಬರಿ 1978. ಖಳನಾಯಕ ಡಾರ್ತ್ ವೇಡರ್ ತನ್ನನ್ನು ಕಥಾನಾಯಕ ಲ್ಯೂಕ್‌ನ ತಂದೆ ಎಂದು ಹೇಳಿಕೊಂಡ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ 1980. ಲ್ಯೂಕ್ ಮತ್ತು ರಾಜಕುಮಾರಿ ಲೇಯಾ ಒಡಹುಟ್ಟಿದವರು ಎಂದು ತಿಳಿಸಿದ ‘ರಿಟರ್ನ್ ಆಫ್ ದಿ ಜೆಡೈ’ 1983. ಹಳೆಯ ಕಾದಂಬರಿ, ಕಾಮಿಕ್‌ಗಳನ್ನು ಅಧಿಕೃತ ಕಥೆಯಿಂದ ಹೊರಗಿಟ್ಟು ‘ಲೆಜೆಂಡ್ಸ್’ ಎಂಬ ಹಣೆಪಟ್ಟಿ ಹಚ್ಚಿದ್ದು 2014.

ಈಗ ಯಾವುದೇ ರಿವ್ಯೂ ಓದುವಾಗ ಅದರಲ್ಲಿರುವ ಪ್ರತಿ ದೂರಿಗೂ ಒಂದೇ ಪ್ರಶ್ನೆ ಹಾಕಿ: ಮೊದಲ ಸಿನಿಮಾ ಒಂದನ್ನೇ ನೋಡಿದವರು ಈ ದೂರು ಹೇಳಲು ಸಾಧ್ಯವಿತ್ತೇ? ಸಾಧ್ಯವಿಲ್ಲದಿದ್ದರೆ ಅದು ಪುಸ್ತಕದ ದೋಷವಲ್ಲ, ಕಾಲ ತಂದಿಟ್ಟ ಮುಜುಗರ. ಸಾಧ್ಯವಿದ್ದರೆ ಆ ದೂರು ಅಂದಿಗೂ ನಿಜ, ಇಂದಿಗೂ ನಿಜ. ರಿವ್ಯೂ ಬರೆದವರು ತಾವು ಯಾವಾಗ ಓದಿದ್ದು ಎಂದು ಹೇಳದಿದ್ದರೂ ಸುಳಿವು ಸಿಗುತ್ತದೆ. ‘ಇದು ಈಗ ಲೆಕ್ಕಕ್ಕೇ ಇಲ್ಲವಲ್ಲ’ ಎಂದವರು 2014ರ ನಂತರದ ಕಣ್ಣಿನಿಂದ ನೋಡಿದವರು. ಮೊದಲ ಸಿನಿಮಾದ ಇನ್ನೊಬ್ಬ ನಾಯಕ ಹ್ಯಾನ್ ಸೋಲೊ ಇಲ್ಲಿ ಇಲ್ಲದ್ದನ್ನು ಮಾತ್ರ ಗೊಣಗುವವರು ಬಹುಪಾಲು ಹಳಬರು.

ಸಿನಿಮಾ ಆಗಬೇಕಿದ್ದ ಪುಸ್ತಕ

ಮೊದಲ ಸಿನಿಮಾದ ಕಾದಂಬರಿ ರೂಪವನ್ನು ಅದರ ನಿರ್ದೇಶಕ ಜಾರ್ಜ್ ಲ್ಯೂಕಸ್ ಹೆಸರಿನಲ್ಲಿ ಬರೆದುಕೊಟ್ಟವರೂ ಫಾಸ್ಟರೇ. ಅದು ಸಿನಿಮಾಕ್ಕಿಂತ ಮುಂಚೆ, 1976ರ ಕೊನೆಯಲ್ಲಿ ಹೊರಬಂತು. ಎರಡನೆಯ ಪುಸ್ತಕದ ಉದ್ದೇಶ ಬೇರೆ: ಸಿನಿಮಾ ಅಷ್ಟಕ್ಕಷ್ಟೇ ಓಡಿದರೆ ಕಡಿಮೆ ದುಡ್ಡಿನಲ್ಲಿ ಎರಡನೆಯ ಭಾಗ ತೆಗೆಯಲು ಒಂದು ಕಥೆ ಕೈಯಲ್ಲಿರಲಿ ಎಂಬುದು. ಸಿನಿಮಾ ದಾಖಲೆ ಮುರಿದು ಓಡಿತು, ಅಗ್ಗದ ಎರಡನೆಯ ಭಾಗದ ಅಗತ್ಯವೇ ಬೀಳಲಿಲ್ಲ, ಪುಸ್ತಕ ಮಾತ್ರ ಉಳಿಯಿತು.

ಇದು ಗೊತ್ತಿದ್ದರೆ ‘ಕಥೆ ತುಂಬಾ ಚಿಕ್ಕದು’ ಎಂಬ ದೂರಿನ ಬೇರು ಕಾಣುತ್ತದೆ. ಲ್ಯೂಕ್, ಲೇಯಾ ಬಂದಿಳಿಯುವ ಮಿಂಬನ್ ಗ್ರಹದ ತುಂಬ ಮಂಜು, ಜೌಗು, ಗುಹೆ. ಹಿನ್ನೆಲೆ ತೋರಿಸದೆ ಸ್ಟುಡಿಯೊ ಒಳಗೇ ಚಿತ್ರೀಕರಿಸಬಹುದಾದ ಜಾಗಗಳು. ಫಾಸ್ಟರ್ ಮೊದಲಿಗೆ ಬರೆದಿದ್ದ ಬಾಹ್ಯಾಕಾಶ ಕಾಳಗವನ್ನು ಖರ್ಚು ಜಾಸ್ತಿ ಎಂದು ಲ್ಯೂಕಸ್ ತೆಗೆಸಿದರು. ಹ್ಯಾನ್ ಸೋಲೊ ಇಲ್ಲದ್ದಕ್ಕೂ ಕಾರಣ ಇಂಥದ್ದೇ: ಮುಂದಿನ ಸಿನಿಮಾಕ್ಕೆ ಆ ಪಾತ್ರದ ನಟ ಹ್ಯಾರಿಸನ್ ಫೋರ್ಡ್ ಆಗಿನ್ನೂ ಸಹಿ ಹಾಕಿರಲಿಲ್ಲ. ಸೋಲೊ ಜೊತೆಗೆ ಅವನ ಸಂಗಾತಿ ಚ್ಯೂಬಾಕಾನೂ ಇಲ್ಲ.

ಆದರೆ ಇಲ್ಲೇ ಅಭಿಮಾನಿಗಳು ಎಡವುವುದು. ಕಾರಣ ಗೊತ್ತಾದ ತಕ್ಷಣ ದೂರು ವಜಾ ಆಗುವುದಿಲ್ಲ. ಬಜೆಟ್ಟಿಗಾಗಿ ಬಂದ ಮಂಜು ಕಥೆಗೆ ಏನು ಕೊಟ್ಟಿತು ಎಂದು ನೋಡಬೇಕು. ಇಳಿಯುವ ಹೊತ್ತಿನ ಗೊಂದಲ, ಕೆಸರಿನ ಗಣಿ ಊರು, ನೆಲದಡಿಯ ಕೆರೆಯನ್ನು ದಾಟುವ ಭಾಗ, ಈ ಮೂರು ಕಡೆ ಇಕ್ಕಟ್ಟು ಕಥೆಗೆ ಭಯವನ್ನು ತಂದುಕೊಟ್ಟಿದೆ. ಜೌಗಿನಲ್ಲಿ ದೈತ್ಯ ಹುಳು ಅಟ್ಟಿಸಿಕೊಂಡು ಬರುವಲ್ಲಿ ಮಾತ್ರ ಪುಟ ತುಂಬಿಸಿದಂತೆ ಕಾಣುತ್ತದೆ. ಓದುವಾಗ ಈ ನಾಲ್ಕು ಜಾಗಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ‘ಬೋರು’ ಎಂದವರು ಯಾವುದನ್ನು ಹೇಳಿದ್ದೆಂದು ಆಮೇಲೆ ತಾಳೆ ನೋಡಬಹುದು.

ಲ್ಯೂಕ್, ಲೇಯಾ: ಎರಡು ಬೇರೆ ದೂರುಗಳು

ಅತಿ ಹೆಚ್ಚು ಜಗಳ ಇರುವುದು ಇಲ್ಲಿ, ಅತಿ ಹೆಚ್ಚು ಕಲಸುಮೇಲೋಗರ ಆಗುವುದೂ ಇಲ್ಲಿ. ಲ್ಯೂಕ್‌ಗೆ ಲೇಯಾ ಮೇಲೆ ಇರುವ ಸೆಳೆತವನ್ನು ಪುಸ್ತಕ ಮುಚ್ಚಿಡುವುದಿಲ್ಲ. ಇಂದಿನ ಓದುಗರು ಅಲ್ಲಿ ಮುಖ ಸಿಂಡರಿಸುತ್ತಾರೆ. ಮೇಲಿನ ಪ್ರಶ್ನೆ ಹಾಕಿ: 1978ರಲ್ಲಿ ಈ ದೂರು ಇರಲು ಸಾಧ್ಯವೇ ಇರಲಿಲ್ಲ. ಮೊದಲ ಸಿನಿಮಾ ನೋಡಿದವರಿಗೆ ಇವರಿಬ್ಬರ ಜೋಡಿ ಸಹಜವಾಗಿಯೇ ಕಂಡಿತ್ತು. ‘ಈಗ ಓದಲು ಕಸಿವಿಸಿಯಾಗುತ್ತದೆ’ ಎಂದರೆ ಒಪ್ಪಬೇಕಾದ ಮಾತು. ‘ಲೇಖಕನಿಗೆ ಅಷ್ಟೂ ಗೊತ್ತಿರಲಿಲ್ಲವೇ’ ಎಂದರೆ ತಳ್ಳಿಹಾಕಬೇಕಾದ ಮಾತು.

ಲೇಯಾ ಪಾತ್ರದ ಚಿತ್ರಣದ ಬಗೆಗಿನ ದೂರು ಹಾಗಲ್ಲ. ಗಣಿ ಊರಿನ ದೃಶ್ಯವನ್ನು ಹತ್ತಿರದಿಂದ ನೋಡಿ. ವೇಷ ಮರೆಸಿಕೊಂಡಿರುವ ಇಬ್ಬರಲ್ಲಿ ಲೇಯಾ ಕೆಲಸದವಳ ಪಾತ್ರ ಹಾಕಿದ್ದಾಳೆ. ಅವಳು ಅದನ್ನು ಮರೆತು ಎದುರು ಮಾತಾಡಿದಾಗ ಲ್ಯೂಕ್ ಅವಳ ಕೆನ್ನೆಗೆ ಹೊಡೆದು ನಾಟಕ ಮುಂದುವರಿಸುತ್ತಾನೆ. ಆಮೇಲೆ ಇಬ್ಬರೂ ಕೆಸರಿನಲ್ಲಿ ಬಿದ್ದು ಹೊಡೆದಾಡುತ್ತಾರೆ, ಗಣಿಯವರು ಬಂದು ಮೇಲೆ ಬೀಳುತ್ತಾರೆ. ಕಥೆಯ ಓಟಕ್ಕೆ ದೃಶ್ಯ ಬೇಕಿತ್ತು, ಸರಿ. ಆದರೆ 1977ರ ಸಿನಿಮಾದಲ್ಲಿ ತನ್ನನ್ನು ಬಿಡಿಸಲು ಬಂದವರ ಕೈಯಿಂದ ಬಂದೂಕು ಕಿತ್ತುಕೊಂಡು ದಾರಿ ಮಾಡಿದವಳು ಇದೇ ಲೇಯಾ. ಇಲ್ಲಿ ಅವಳು ಸಿಡುಕುತ್ತಾಳೆ, ಈಜು ಬಾರದೆ ನೀರಿಗೆ ಹೆದರುತ್ತಾಳೆ, ಲ್ಯೂಕ್ ಸಂಭಾಳಿಸುತ್ತಾನೆ. ಮುಂದಿನ ಯಾವ ಸಿನಿಮಾದ ನೆರವೂ ಇಲ್ಲದೆ, ಮೊದಲನೆಯದರ ಪಕ್ಕದಲ್ಲಿಟ್ಟರೇ ಪಾತ್ರ ಕುಗ್ಗಿದ್ದು ಕಾಣುತ್ತದೆ. ಈ ದೂರು ಗಟ್ಟಿ. ಕೊನೆಯಲ್ಲಿ ಅವಳು ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿ ಹಿಡಿದು ವೇಡರ್ ಎದುರು ನಿಲ್ಲುವುದು ಆ ನಷ್ಟವನ್ನು ತುಂಬುತ್ತದೆಯೇ ಎಂಬುದರ ಮೇಲೆ ವಾದ ಮಾಡಬಹುದು. ನಮ್ಮ ಪ್ರಕಾರ ಅರ್ಧ ತುಂಬುತ್ತದೆ, ಅಷ್ಟೇ.

ಮಿಂಬನ್ನಿನ ಮೂಲನಿವಾಸಿಗಳಾದ ಕೋವೇಗಳನ್ನು ‘ಕಾಡುಜನ’ರ ಹಳಸಲು ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆ ಎಂಬುದೂ ಇದೇ ಜಾತಿಯ ದೂರು. ಇಸವಿಯ ನೆಪ ಅದಕ್ಕೆ ಒದಗುವುದಿಲ್ಲ.

ಕೊನೆಯ ಕಾಳಗ

ಪೊಮೊಜೆಮಾ ದೇವಾಲಯದಲ್ಲಿ ಕೈಬರ್ ಸ್ಫಟಿಕಕ್ಕಾಗಿ ನಡೆಯುವ ಹೋರಾಟದಲ್ಲಿ ಲ್ಯೂಕ್ ವೇಡರ್‌ನ ತೋಳನ್ನೇ ಕತ್ತರಿಸುತ್ತಾನೆ; ವೇಡರ್ ಒಂದು ಆಳವಾದ ಗುಂಡಿಯೊಳಗೆ ಬೀಳುತ್ತಾನೆ, ಸತ್ತಿಲ್ಲ ಎಂದು ಲ್ಯೂಕ್‌ಗೆ ಅನ್ನಿಸುತ್ತದೆ. ‘ಯೋಡಾ ಬಳಿ ಕಲಿಯದವನು ಇದನ್ನು ಹೇಗೆ ಮಾಡಿದ?’ ಎಂಬ ಪ್ರಶ್ನೆಯಲ್ಲಿ ಯೋಡಾ ಹೆಸರನ್ನು ಹೊಡೆದುಹಾಕಿ, ಏಕೆಂದರೆ 1980ರ ಸಿನಿಮಾದಲ್ಲಿ ಲ್ಯೂಕ್‌ಗೆ ಕಲಿಸುವ ಗುರು ಯೋಡಾ ಆಗ ಇನ್ನೂ ತೆರೆಗೆ ಬಂದಿರಲಿಲ್ಲ. ಉಳಿಯುವ ಪ್ರಶ್ನೆ: ಹಡಗಿನಲ್ಲಿ ಸ್ವಲ್ಪ ಹೊತ್ತು ಅಭ್ಯಾಸ ಮಾಡಿದ ಹುಡುಗ, ತನ್ನ ಗುರು ಓಬಿ-ವಾನ್‌ನನ್ನು ಮೊದಲ ಸಿನಿಮಾದಲ್ಲಿ ಕೊಂದವನನ್ನು ಗೆಲ್ಲಬಹುದೇ? ಸತ್ತ ಓಬಿ-ವಾನ್ ಅದೃಶ್ಯವಾಗಿ ಜೊತೆಗಿದ್ದು ಲ್ಯೂಕ್‌ನ ಕೈ ನಡೆಸುತ್ತಿದ್ದಾನೆ ಎಂಬ ಸೂಚನೆ ಪಠ್ಯದಲ್ಲಿದೆ. ಬೆಂಬಲಿಗರು ತೋರಿಸುವುದು ಅದನ್ನೇ. ಅದು ಸಾಕೆನ್ನಿಸದಿದ್ದರೆ ಹಾಗೆಂದೇ ಬರೆಯಿರಿ, ಆದರೆ ಆ ಸಾಲುಗಳನ್ನು ಇನ್ನೊಮ್ಮೆ ಓದಿದ ಮೇಲೆ. ಗಾಯಗೊಂಡ ಲೇಯಾಳನ್ನು ಸ್ಫಟಿಕದಿಂದ ಗುಣಪಡಿಸುವುದು ಇದಕ್ಕಿಂತ ಸಡಿಲ. ಈ ಕಥಾಲೋಕದ ಅಗೋಚರ ಚೈತನ್ಯವಾದ ಫೋರ್ಸ್‌ಗೆ ಅಂಥ ಶಕ್ತಿ ಉಂಟೆಂದು ಮೊದಲ ಸಿನಿಮಾ ಎಲ್ಲೂ ಹೇಳಿರಲಿಲ್ಲ.

ಸ್ಫಟಿಕದ ಹೆಸರಿನ ವಿಷಯದಲ್ಲೂ ಒಂದು ಎಡವಟ್ಟು ನಡೆಯುತ್ತದೆ. ‘ರೋಗ್ ಒನ್’ (2016) ಸಿನಿಮಾ ನೋಡಿ ಬಂದವರು ಅದರ ಕೈಬರ್ ಸ್ಫಟಿಕವೇ ಇದೆಂದು ತಿಳಿದು, ಲೈಟ್‌ಸೇಬರ್ ಒಳಗಿನ ಹರಳಿನ ಗುಣಗಳನ್ನು ಇಲ್ಲಿ ಹುಡುಕುತ್ತಾರೆ. ಕಾದಂಬರಿಯದು ಫೋರ್ಸ್‌ನ ಬಲ ಹೆಚ್ಚಿಸುವ ಒಂದೇ ಒಂದು ಅಪರೂಪದ ಕಲ್ಲು. ಹೆಸರಿನ ಮೂಲ ಲ್ಯೂಕಸ್‌ರ ಹಳೆಯ ಚಿತ್ರಕಥೆಯ ಕರಡಿನಲ್ಲಿದೆ. ಮಿಂಬನ್ ಹೆಸರು ಕೂಡ 2018ರ ‘ಸೋಲೊ’ ಸಿನಿಮಾದಲ್ಲಿ ಮತ್ತೆ ಬಂತು.

ಏನನ್ನು ಓದಿ ಹೇಳುತ್ತಿದ್ದಾರೆ?

ಅಭಿಪ್ರಾಯ ಎಣಿಸುವ ಮೊದಲು ಅದು ಕಾದಂಬರಿಯದೇ ಎಂದು ಖಚಿತ ಮಾಡಿಕೊಳ್ಳಿ. ಡಾರ್ಕ್ ಹಾರ್ಸ್ ಎಂಬ ಪ್ರಕಾಶನ ಸಂಸ್ಥೆ 1995-96ರಲ್ಲಿ ಇದೇ ಹೆಸರಿನ ಕಾಮಿಕ್ ತಂದಿತ್ತು. ಚಿತ್ರ, ಬಣ್ಣ, ಪ್ಯಾನೆಲ್ ಎಂಬ ಮಾತು ಕಂಡರೆ ಆ ರಿವ್ಯೂ ಪಕ್ಕಕ್ಕಿಡಿ. ಬಾಲ್ಯದಲ್ಲಿ ಓದಿದ ನೆನಪಿನಿಂದ ಬರೆದವರನ್ನು ಗುರುತಿಸುವುದೂ ಸುಲಭ: ಮಂಜನ್ನೂ ಕೊನೆಯ ಕಾಳಗವನ್ನೂ ಹೊಗಳುತ್ತಾರೆ, ಲ್ಯೂಕ್‌ಗೂ ಲೇಯಾಗೂ ದಾರಿ ಹಾಕಿಕೊಡುವ ಮುದುಕಿ ಹಾಲಾ ಹೆಸರನ್ನೇ ಎತ್ತುವುದಿಲ್ಲ. ಪುಸ್ತಕದಲ್ಲಿ ಹೊಸದಾಗಿ ಹುಟ್ಟಿದ ಪಾತ್ರಗಳಲ್ಲಿ ಅವಳೇ ಅತ್ಯುತ್ತಮ. ಅವಳ ಬಗ್ಗೆ ಮಾತಾಡಿದ ರಿವ್ಯೂವನ್ನು ಹೆಚ್ಚು ನಂಬಬಹುದು.

ನೀವು ಬರೆಯುವಾಗ

ಮೊದಲ ಸಾಲಿನಲ್ಲೇ ಎರಡು ವಿಷಯ ಹೇಳಿ: ಓದುವ ಮೊದಲು ಯಾವ ಯಾವ ಸಿನಿಮಾ ನೋಡಿದ್ದಿರಿ, ಇಡೀ ಪುಸ್ತಕ ಮುಗಿಸಿದಿರೋ ಇಲ್ಲವೋ. ಇದು ಸುಮಾರು 200 ಪುಟದ ಪುಸ್ತಕ, ಎರಡು ಮೂರು ಸಂಜೆಯ ಕೆಲಸ. ಅರ್ಧಕ್ಕೆ ಬಿಟ್ಟರೆ ಯಾವ ದೃಶ್ಯದಲ್ಲಿ ಬಿಟ್ಟಿರಿ ಎಂದಾದರೂ ಬರೆಯಬಹುದು. ಮೆಚ್ಚಿದ್ದಕ್ಕೆ ಒಂದು ದೃಶ್ಯ, ಮೆಚ್ಚದ್ದಕ್ಕೆ ಒಂದು ದೃಶ್ಯ ಕೊಡಿ. ‘ಭಾಷೆ ಭಾರ’ ಎಂದು ಬಿಟ್ಟರೆ ಯಾರಿಗೂ ಉಪಯೋಗವಿಲ್ಲ. ಫಾಸ್ಟರ್‌ಗೆ ವಿಶೇಷಣಗಳ ಮೋಹ ಇದೆ, ನಿಜ. ಗಿಡ, ಪ್ರಾಣಿ, ಹವೆಯನ್ನು ವರ್ಣಿಸುವಲ್ಲಿ ಅದೇ ಮೋಹ ಅವರ ಬಲವೂ ಹೌದು. ಯಾವ ಕಡೆ ಕೆಟ್ಟಿತೆಂದು ತೋರಿಸಬೇಕು.

ಕೂಟದಲ್ಲಿ ಚರ್ಚೆ ಇಟ್ಟರೆ ‘ಇಷ್ಟವಾಯಿತೇ’ ಎಂಬ ಪ್ರಶ್ನೆಯಿಂದ ಶುರು ಮಾಡಬೇಡಿ. ಐದು ನಿಮಿಷದಲ್ಲಿ ಎರಡು ಪಾಳೆಯ ಆಗುತ್ತದೆ, ಮತ್ತೆ ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ಪ್ರತಿಯೊಬ್ಬರಿಂದಲೂ ಒಂದೊಂದು ಚೀಟಿಯಲ್ಲಿ ಒಂದೇ ದೂರು ಬರೆಸಿ, 1980ಕ್ಕಿಂತ ಮುಂಚೆ ಹೇಳಬಹುದಾದದ್ದು ಒಂದು ಕಡೆ, ಆಮೇಲಷ್ಟೇ ಹೇಳಬಹುದಾದದ್ದು ಇನ್ನೊಂದು ಕಡೆ ಇಡಿ. ಎರಡನೆಯ ರಾಶಿಗೆ ಹತ್ತು ನಿಮಿಷ ಸಾಕು, ಉಳಿದ ಹೊತ್ತೆಲ್ಲ ಮೊದಲನೆಯದಕ್ಕೆ. ಪುಸ್ತಕದೊಳಗಿನ ಯಾವುದನ್ನೂ ಹೇಳದ ಚೀಟಿ ಬಂದರೆ, ಉದಾಹರಣೆಗೆ ‘ಇದು ಅಧಿಕೃತವಲ್ಲ’ ಎಂಬುದು, ಬದಿಗಿಡಿ. ಅದು ಹಕ್ಕುದಾರರಾದ ಲ್ಯೂಕಸ್‌ಫಿಲ್ಮ್‌ನವರ ತೀರ್ಮಾನ, ಪುಸ್ತಕದ ಗುಣವಲ್ಲ.

ಸಿನಿಮಾದ ಕಥೆಯನ್ನೇ ಕಾದಂಬರಿ ಮಾಡಿದ ಪುಸ್ತಕಗಳಿಗೆ ಇದೇ ಜರಡಿ ಸಾಲದು. ಅಲ್ಲಿ ಲೇಖಕರ ಕೈಗೆ ಸಿಕ್ಕಿದ್ದು ಯಾವ ಹಂತದ ಚಿತ್ರಕಥೆ ಎಂದು ಮೊದಲು ನೋಡಬೇಕು. ಐಸಾಕ್ ಅಸಿಮೋವ್ ಬರೆದ ‘ಫೆಂಟಾಸ್ಟಿಕ್ ವಾಯೇಜ್’ (1966) ಸಿನಿಮಾಕ್ಕಿಂತ ಮೊದಲೇ ಅಂಗಡಿಗೆ ಬಂದದ್ದರಿಂದ ಸಿನಿಮಾವೇ ಪುಸ್ತಕದಿಂದ ಹುಟ್ಟಿತೆಂದು ಇಂದಿಗೂ ಹಲವರು ತಿಳಿದಿದ್ದಾರೆ. ಕುಗ್ಗಿಸಿದ ಜಲಾಂತರ್ಗಾಮಿಯನ್ನು ಸಿನಿಮಾ ರೋಗಿಯ ದೇಹದೊಳಗೇ ಬಿಟ್ಟುಬಿಡುತ್ತದೆ. ಅದು ಮತ್ತೆ ಹಿಗ್ಗಿದರೆ ರೋಗಿಯ ಗತಿಯೇನು ಎಂದು ಅಸಿಮೋವ್ ಅದನ್ನು ಹೊರಗೆ ತರುವಂತೆ ಬರೆದರು. ಅಂಥ ಪುಸ್ತಕದ ರಿವ್ಯೂ ಓದುವಾಗ ‘ಸಿನಿಮಾದಲ್ಲಿ ಹೀಗಿಲ್ಲ’ ಎಂಬ ವಾಕ್ಯ ಕಂಡಲ್ಲೆಲ್ಲ ನಿಂತು, ಅದು ಮರೆವೋ, ಹಳೆಯ ಕರಡೋ, ಬೇಕೆಂದೇ ಮಾಡಿದ ತಿದ್ದುಪಡಿಯೋ ಎಂದು ವಿಂಗಡಿಸಿಕೊಳ್ಳಿ.